ಸಣ್ಣ ಪೆಟ್ಟು ಬಯಲು ಮಾಡಿದ ಕರುಳಿನ ಗುಟ್ಟು

ಸೈಕಲ್ಲಿನ ಹ್ಯಾಂಡಲ್ ಮಗುವಿನ ಹೊಟ್ಟೆಗೆ ತಾಗಿತು, ಅಷ್ಟೇ. ಹೊರಗೆ ಒಂದು ಗೀರೂ ಇಲ್ಲ! ಆದರೂ ಹೊಟ್ಟೆ ಬಿಗಿಯುತ್ತದೆ, ಜ್ವರ ಏರುತ್ತದೆ. ಆಪರೇಷನ್ ಮಾಡಿ ನೋಡಿದರೆ ಕರುಳೇ ತೂತು! ಇಷ್ಟು ಸಣ್ಣ ಪೆಟ್ಟಿಗೆ ಇಷ್ಟು ದೊಡ್ಡ ಗಾಯವೇ? ಲೆಕ್ಕ ತಾಳೆಯಾಗದ ಈ ಜಾಗದಲ್ಲೇ ವೈದ್ಯರ ಪತ್ತೇದಾರಿಕೆ ಶುರು. ಅಪರೂಪಕ್ಕೆ ಸಿಗುವ ಉತ್ತರ ಮೈ ಜುಮ್ಮೆನಿಸುತ್ತದೆ: ಪೆಟ್ಟು ಬೀಳುವ ಮೊದಲೇ ಆ ಕರುಳಿಗೆ ಕಾಯಿಲೆಯಿತ್ತು!

ಆರೋಗ್ಯವಂತ ಸಣ್ಣ ಕರುಳು ಮೆತ್ತಗಿರುತ್ತದೆ, ಸಣ್ಣಪುಟ್ಟ ಒತ್ತಡ ಬಿದ್ದರೆ ಬಹುಪಾಲು ಜಾರಿ ಪಕ್ಕಕ್ಕೆ ಸರಿಯುತ್ತದೆ. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಲ್ಲಿ ಹಾಗಲ್ಲ. ಉರಿಯೂತ ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ಹೊಗುತ್ತದೆ. ಗೋಡೆ ದಪ್ಪಗಾಗಿ ಸೆಡೆಯುತ್ತದೆ, ಅಕ್ಕಪಕ್ಕಕ್ಕೆ ಅಂಟಿಕೊಳ್ಳುತ್ತದೆ, ಒಳದಾರಿ ಕಿರಿದಾಗುತ್ತದೆ. ಸರಿಯಲಾರದ ಕರುಳಿಗೆ ಸಣ್ಣ ಗುದ್ದೇ ಸಾಕು! 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್ ಮತ್ತು ಸಂಗಡಿಗರು ವಿವರಿಸಿದ ಈ ಕಾಯಿಲೆ ಮಕ್ಕಳಲ್ಲಿ ಎಷ್ಟು ಮರೆಯಲ್ಲಿರುತ್ತದೆಂದರೆ, ಕೆಲವರಲ್ಲಿ ಭೇದಿಗಿಂತ ಮೊದಲು ಕಾಣುವುದು ಬೆಳವಣಿಗೆ ಕುಂಠಿತವಾದದ್ದು ಮಾತ್ರ.

ಇನ್ನೊಂದು ಅಚ್ಚರಿ ಹುಟ್ಟುವ ಮೊದಲಿನದು! ಭ್ರೂಣದ ಕರುಳನ್ನು ಹಳದಿ ಚೀಲಕ್ಕೆ (ಯೋಕ್ ಸ್ಯಾಕ್) ಜೋಡಿಸುವ ನಾಳ ಪೂರ್ತಿ ಮಾಯವಾಗದೆ, ನೂರರಲ್ಲಿ ಸುಮಾರು ಇಬ್ಬರಲ್ಲಿ ಕರುಳಿಗೆ ಅಂಟಿದ ಪುಟ್ಟ ಚೀಲವಾಗಿ ಉಳಿಯುತ್ತದೆ. ಅದರ ಮೂಲವನ್ನು 1809ರಲ್ಲಿ ವಿವರಿಸಿದ್ದು ಜರ್ಮನಿಯ ಯೋಹಾನ್ ಫ್ರೀಡ್ರಿಶ್ ಮೆಕೆಲ್. ಕೆಲವೊಮ್ಮೆ ಅದರೊಳಗೆ ಜಠರದ ಒಳಪದರವೇ ಬೆಳೆದು ಆಮ್ಲ ಸುರಿಸಿ, ಪಕ್ಕದ ಕರುಳಲ್ಲಿ ಹುಣ್ಣು ಮಾಡುತ್ತದೆ! ಹೆಚ್ಚಿನವರು ಅದರ ಸುಳಿವೇ ಇಲ್ಲದೆ ಬಾಳುತ್ತಾರೆ. ಹೊಟ್ಟೆಗೆ ಪೆಟ್ಟು ಬಿದ್ದು ಆ ಚೀಲವೇ ತೂತಾದ ಮಕ್ಕಳೂ ಇದ್ದಾರೆ.

ನಿಜವಾದ ಗುಟ್ಟು ರಟ್ಟಾಗುವುದು ಕತ್ತರಿಸಿ ತೆಗೆದ ಕರುಳಿನ ತುಂಡು ಸೂಕ್ಷ್ಮದರ್ಶಕದಡಿ ಬಂದಾಗ. ನಮ್ಮ ದೇಶದಲ್ಲಿ ಒಗಟು ಇನ್ನೂ ಬಿಗಿ, ಕರುಳಿನ ಕ್ಷಯವೂ ಕ್ರೋನ್ಸ್‌ನಂತೆಯೇ ಕಾಣುತ್ತದೆ! ಕ್ರೋನ್ಸ್‌ಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕ್ಷಯವನ್ನು ಕೆರಳಿಸಬಲ್ಲದು. ಹಾಗಾಗಿ ಎರಡನ್ನೂ ಬೇರ್ಪಡಿಸಿ ಗುರುತಿಸಲೇಬೇಕು.

ತಂದೆತಾಯಂದಿರೇ, ಹೊಟ್ಟೆಗೆ ಪೆಟ್ಟಾದ ಮಗುವಿಗೆ ನೋವು ಹೆಚ್ಚುತ್ತಿದ್ದರೆ, ಹಸಿರು ವಾಂತಿಯಾದರೆ, ಜ್ವರ ಬಂದರೆ, ಹೊಟ್ಟೆ ಬಿಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪೆಟ್ಟಿನ ಕಥೆಯೊಂದನ್ನೇ ಹೇಳಬೇಡಿ. ಮಗು ಎತ್ತರ ಬೆಳೆಯದಿರುವುದು, ತೂಕ ಇಳಿದದ್ದು, ಮಲದಲ್ಲಿ ರಕ್ತ ಕಂಡದ್ದು, ಇವನ್ನೂ ವೈದ್ಯರಿಗೆ ಮರೆಯದೆ ತಿಳಿಸಿ.