ಒಂಬತ್ತು ದೇಶದವರು ಕಾರವಾರದಲ್ಲಿ ಹಡಗು ಹತ್ತಿದರು. ನಮ್ಮ ತಾಂಡೇಲ ಹತ್ತುವುದು ಯಾವಾಗ?

2025ರ ಏಪ್ರಿಲ್ 5ರಂದು ಕಾರವಾರದ ಕದಂಬ ನೌಕಾನೆಲೆಯಿಂದ ಒಂದು ಹಡಗು ಹೊರಟಿತು. ಹೆಸರು ಸುನಯನಾ. ಪಕ್ಕದ ಗೋವಾದ ಶಿಪ್‌ಯಾರ್ಡಿನಲ್ಲೇ ಕಟ್ಟಿದ, 105 ಮೀಟರ್ ಉದ್ದದ ಗಸ್ತು ಹಡಗು. ಬಾವುಟ ತೋರಿಸಿ ಕಳಿಸಿಕೊಟ್ಟವರು ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್. ಮಂತ್ರಿ ಬರುವುದು, ಬ್ಯಾಂಡು ಬಾರಿಸುವುದು, ಹಡಗು ಹೋಗುವುದು ಇವೆಲ್ಲ ಕಾರವಾರದವರಿಗೆ ಹೊಸತಲ್ಲ. ಅವತ್ತು ಹಡಗಿನ ಒಳಗಿದ್ದ ಜನ ಮಾತ್ರ ಹೊಸಬರು.

ನಮ್ಮ ನೌಕಾಪಡೆಯವರ ಜೊತೆ ಒಂಬತ್ತು ದೇಶಗಳ 44 ಮಂದಿ ಆ ಹಡಗು ಹತ್ತಿದ್ದರು. ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಸೆಶೆಲ್ಸ್, ಕೊಮೊರೊಸ್, ಮಡಗಾಸ್ಕರ್, ಕೀನ್ಯಾ, ತಾಂಜಾನಿಯಾ, ಮೊಜಾಂಬಿಕ್. ಅತಿಥಿಗಳಾಗಿ ಬಂದವರಲ್ಲ, ಕೆಲಸ ಕಲಿಯಲು ಬಂದವರು. ಯೋಜನೆಗೆ ಇಟ್ಟ ಹೆಸರು 'ಐಒಎಸ್ ಸಾಗರ್'. ದಾರ್ ಎಸ್ ಸಲಾಂ, ನಕಾಲಾ, ಪೋರ್ಟ್ ಲೂಯಿಸ್, ವಿಕ್ಟೋರಿಯಾ, ಮಾಲೆ ಬಂದರುಗಳನ್ನು ಸುತ್ತಿ ಮೇ ತಿಂಗಳಲ್ಲಿ ಹಡಗು ಕೊಚ್ಚಿಗೆ ಮರಳಿತು.

'ನಮಗೇನು ಸಂಬಂಧ ಮಾರಾಯರೇ, ನಮ್ಮ ಬಲೆಗೆ ಬಂಗಡೆ ಬಿದ್ದರೆ ಸಾಕು' ಅಂತೀರಾ? ಸ್ವಲ್ಪ ತಾಳಿ. ಸಂಬಂಧ ಇದೆ.

ಕೂಡಿ ಕಲಿಯುವುದು ಎಂದರೇನು?

ಬೇರೆ ಬೇರೆ ದೇಶದ ನೌಕಾಪಡೆಗಳು ಕೂಡಿ ಕವಾಯತು ಮಾಡುವುದು ಇವತ್ತಿನದಲ್ಲ. ಅಮೆರಿಕದ ಜೊತೆ 'ಮಲಬಾರ್' ಕವಾಯತು ಶುರುವಾದದ್ದು 1992ರಲ್ಲಿ. 1995ರಲ್ಲಿ ಅಂಡಮಾನಿನಲ್ಲಿ 'ಮಿಲನ್' ಆರಂಭವಾದಾಗ ಬಂದ ಪರದೇಶಗಳು ನಾಲ್ಕೇ ನಾಲ್ಕು. 2024ರಲ್ಲಿ ವಿಶಾಖಪಟ್ಟಣದಲ್ಲಿ ಅದೇ ಮಿಲನ್ ನಡೆದಾಗ ಸುಮಾರು 50 ದೇಶಗಳವರು ಸೇರಿದ್ದರು.

ಪೇಪರಿನಲ್ಲಿ ನಾವು ನೋಡುವುದು ಸಾಲಾಗಿ ಹೋಗುವ ಹಡಗುಗಳ ಫೋಟೋ. ಒಳಗೆ ನಡೆಯುವ ಕೆಲಸ ಬೇರೆಯೇ. ಸಂಶಯ ಬಂದ ಬೋಟಿನ ಪಕ್ಕಕ್ಕೆ ಚಿಕ್ಕ ದೋಣಿಯಲ್ಲಿ ಹೋಗಿ ಹತ್ತುವುದು ಹೇಗೆ, ಹತ್ತಿದ ಮೇಲೆ ಯಾರನ್ನು ಎಲ್ಲಿ ನಿಲ್ಲಿಸಿ ತಪಾಸಣೆ ಮಾಡಬೇಕು, ಎಂಜಿನ್ ಕೋಣೆಗೆ ಬೆಂಕಿ ಬಿದ್ದರೆ ಏನು ಮಾಡಬೇಕು, ತಳ ಒಡೆದು ನೀರು ನುಗ್ಗಿದರೆ ಹೇಗೆ ಕಟ್ಟಬೇಕು, ವೈರ್‌ಲೆಸ್ಸಿನಲ್ಲಿ ಯಾವ ಮಾತನ್ನು ಹೇಗೆ ಹೇಳಬೇಕು. ಸುನಯನಾದಲ್ಲಿ ಕಲಿಸಿದ್ದು ಇಂಥವನ್ನೇ. ಕಲಿಯುತ್ತ ಹೋದ ಹಾಗೇ ತಾಂಜಾನಿಯಾ, ಮೊಜಾಂಬಿಕ್, ಮಾರಿಷಸ್, ಸೆಶೆಲ್ಸ್ ದೇಶಗಳ ಸಮುದ್ರದಲ್ಲಿ ಆಯಾ ದೇಶದವರ ಜೊತೆ ಗಸ್ತೂ ನಡೆಯಿತು.

ಅದೇ ಏಪ್ರಿಲ್ 13ರಿಂದ 18ರವರೆಗೆ ದಾರ್ ಎಸ್ ಸಲಾಂನಲ್ಲಿ ಭಾರತ ಮತ್ತು ತಾಂಜಾನಿಯಾ ಸೇರಿ ಆಫ್ರಿಕದ ದೇಶಗಳನ್ನು ಕರೆದು 'ಐಕ್ಯಮ್' ಎಂಬ ಕವಾಯತು ನಡೆಸಿದವು. ಅಲ್ಲೂ ಪಾಠ ಒಂದೇ: ಕಡಲ್ಗಳ್ಳರನ್ನು ಹಿಡಿಯುವುದು, ಮುಳುಗುವವರನ್ನು ಎತ್ತುವುದು, ಸುದ್ದಿ ಹಂಚಿಕೊಳ್ಳುವುದು.

ಆರು ಜೀವ ಉಳಿದ ಕತೆ

ಇದರಿಂದ ಏನು ಲಾಭ ಎಂದು ಕೇಳುವವರಿಗೆ 2024ರ ಜನವರಿಯ ಒಂದು ಘಟನೆ ಹೇಳುತ್ತೇನೆ.

'ಲೊರೆಂಜೊ ಪುತಾ 4' ಎಂಬುದು ಶ್ರೀಲಂಕಾದ ಮೀನುಗಾರಿಕೆ ಬೋಟು. ಅದರಲ್ಲಿದ್ದವರು ಆರು ಮಂದಿ. ಜನವರಿ 27ರಂದು ಸೊಮಾಲಿಯಾದ ಪೂರ್ವಕ್ಕೆ, ದಡದಿಂದ ನೂರಾರು ಮೈಲು ದೂರದಲ್ಲಿ ಮೂವರು ಕಡಲ್ಗಳ್ಳರು ಅದನ್ನು ಹಿಡಿದರು. ಅಷ್ಟು ದೂರಕ್ಕೆ ಶ್ರೀಲಂಕಾದ ಹಡಗು ಹೋಗಿ ಮುಟ್ಟುವಷ್ಟರಲ್ಲಿ ಕಳ್ಳರು ಸೊಮಾಲಿಯಾ ದಡ ಸೇರಿ ಒತ್ತೆಹಣ ಕೇಳುತ್ತಿದ್ದರು.

ಆದರೆ ಹರಿಯಾಣದ ಗುರುಗ್ರಾಮದಲ್ಲಿ ನಮ್ಮ ನೌಕಾಪಡೆ 2018ರ ಕೊನೆಯಲ್ಲಿ ತೆರೆದ ಒಂದು ಮಾಹಿತಿ ಕೇಂದ್ರವಿದೆ. ಹಿಂದೂ ಮಹಾಸಾಗರದಲ್ಲಿ ಓಡಾಡುವ ಹಡಗುಗಳ ಸುದ್ದಿ ಅಲ್ಲಿಗೆ ಬರುತ್ತದೆ. ಪರದೇಶದ ನೌಕಾಪಡೆಗಳ ಅಧಿಕಾರಿಗಳೂ ಅಲ್ಲೇ ಕೂತು ಕೆಲಸ ಮಾಡುತ್ತಾರೆ. ಶ್ರೀಲಂಕಾದವರೂ ಇದ್ದಾರೆ, ಸೆಶೆಲ್ಸಿನವರೂ ಇದ್ದಾರೆ. ಸುದ್ದಿ ಕೊಲಂಬೊ, ಗುರುಗ್ರಾಮ, ಸೆಶೆಲ್ಸ್ ಮಧ್ಯೆ ಓಡಾಡಿತು. ನಮ್ಮ ಶಾರದಾ ಹಡಗು ಹೊರಟಿತು, ವಿಮಾನ ಹುಡುಕಿತು. ಜನವರಿ 29ರಂದು ಸೆಶೆಲ್ಸಿನ 'ಟೋಪಾಜ್' ಎಂಬ ಗಸ್ತು ಹಡಗು ಬೋಟನ್ನು ಅಡ್ಡಗಟ್ಟಿತು. ಆರೂ ಮಂದಿ ಜೀವಸಹಿತ ಸಿಕ್ಕರು, ಮೂವರು ಕಳ್ಳರಿಗೆ ಬೇಡಿ ಬಿತ್ತು.

ಟೋಪಾಜ್ ಯಾವ ಹಡಗು ಗೊತ್ತೇ? ಎರಡು ದಶಕದ ಹಿಂದೆ ಭಾರತ ಸೆಶೆಲ್ಸಿಗೆ ಕೊಟ್ಟ ಉಡುಗೊರೆ! ನಮ್ಮ ನೌಕಾಪಡೆಯಲ್ಲಿದ್ದಾಗ ಅದರ ಹೆಸರು ತರ್ಮುಗ್ಲಿ. ಸೆಶೆಲ್ಸಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಆದರೆ ಅವರು ಕಾಯಬೇಕಾದ ಸಮುದ್ರ 13 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ಇಡೀ ಕರ್ನಾಟಕದ ಆರೇಳು ಪಟ್ಟು. ಅವರೊಬ್ಬರಿಂದ ಆಗುವ ಕೆಲಸವೇ ಅದು? ನಮ್ಮೊಬ್ಬರಿಂದಲೂ ಆಗದು.

ಅದೇ ದಿನಗಳಲ್ಲಿ ನಮ್ಮ ಸುಮಿತ್ರಾ ಹಡಗು ಇನ್ನೆರಡು ಬೋಟು ಬಿಡಿಸಿತು. 'ಇಮಾನ್' ಬೋಟಿನಲ್ಲಿ ಇರಾನಿನ 17 ಮಂದಿ, 'ಅಲ್ ನಯೀಮಿ'ಯಲ್ಲಿ ಪಾಕಿಸ್ತಾನದ 19 ಮಂದಿ. ಹೌದು, ಪಾಕಿಸ್ತಾನದವರೇ. ಮುಳುಗುವವನ ಪಾಸ್‌ಪೋರ್ಟು ನೋಡಿ ಹಗ್ಗ ಎಸೆಯುವ ಪದ್ಧತಿ ಸಮುದ್ರದಲ್ಲಿಲ್ಲ.

ಕಡಲಿನಲ್ಲಿ ಜೀವ ಉಳಿಸುವವನು ದೊಡ್ಡವನಲ್ಲ, ಹತ್ತಿರ ಇದ್ದವನು. ಹತ್ತಿರ ಇದ್ದವನಿಗೆ ಸುದ್ದಿ ಮುಟ್ಟಬೇಕು, ಕೆಲಸ ಗೊತ್ತಿರಬೇಕು. ಕೂಡಿ ಕಲಿಯುವುದರ ಅರ್ಥ ಇಷ್ಟೇ.

ನಮ್ಮ ಏಳು ಮಂದಿ

ಈಗ ಮನೆಯ ಮಾತಿಗೆ ಬರೋಣ. ನಮ್ಮ ಕಡಲಿನಲ್ಲಿ ಹತ್ತಿರ ಇರುವವನು ಯಾರು? ಟ್ರಾಲರಿನ ತಾಂಡೇಲ. ಪರ್ಸೀನ್ ಬೋಟಿನ ಖಲಾಸಿ. ಪಾತಿ ದೋಣಿಯ ಮುದುಕ. ನೌಕಾಪಡೆ ಹಡಗು ಇಂದು ಇಲ್ಲಿ, ನಾಳೆ ಇನ್ನೆಲ್ಲೋ. ದಿನಾ ಅಲ್ಲೇ ಇರುವವರು ಇವರು.

2008ರ ನವೆಂಬರಿನಲ್ಲಿ ಮುಂಬಯಿಗೆ ಬಂದ ಹಂತಕರು ದಾರಿಯಲ್ಲಿ ಹಿಡಿದದ್ದು 'ಕುಬೇರ' ಎಂಬ ಪೋರಬಂದರದ ಮೀನುಗಾರಿಕೆ ಬೋಟನ್ನು. ಅದರಲ್ಲಿದ್ದ ಬಡಪಾಯಿಗಳನ್ನು ಕೊಂದು, ಅದರಲ್ಲೇ ಮುಂಬಯಿ ಹತ್ತಿರ ಬಂದರು. ಆ ಕರಾಳ ಕತೆಯಲ್ಲಿ ಮೊದಲು ಸತ್ತವರು ಮೀನುಗಾರರು ಎಂಬುದನ್ನು ನಾವು ಮರೆತೇ ಬಿಟ್ಟಿದ್ದೇವೆ.

ಇನ್ನು 'ಸುವರ್ಣ ತ್ರಿಭುಜ'ದ ಹೆಸರು ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಬೋಟು. ಅದರಲ್ಲಿದ್ದ ಏಳು ಮಂದಿಯಲ್ಲಿ ಐವರು ನಮ್ಮ ಉತ್ತರ ಕನ್ನಡದವರು. ಡಿಸೆಂಬರ್ 15ರ ರಾತ್ರಿಯಿಂದ ಸಂಪರ್ಕವಿಲ್ಲ. ನೌಕಾಪಡೆ, ಕೋಸ್ಟ್ ಗಾರ್ಡ್ ಹುಡುಕಿದವು. ಹೊಸ ವರ್ಷದ ಜನವರಿಯಲ್ಲಿ ಮೀನುಗಾರರು ಸಾವಿರಗಟ್ಟಲೆ ಬೀದಿಗಿಳಿದರು. ಕೊನೆಗೆ 2019ರ ಮೇ ಮೊದಲ ವಾರ, ನೌಕಾಪಡೆಯ ನಿರೀಕ್ಷಕ್ ಹಡಗು ಮಾಲ್ವಣದ ಆಚೆ ಕಡಲ ತಳದಲ್ಲಿ ಬೋಟಿನ ಅವಶೇಷ ಕಂಡುಹಿಡಿಯಿತು. ನಾಲ್ಕೂವರೆ ತಿಂಗಳು! ಅಷ್ಟು ದಿನ ಏಳು ಮನೆಗಳಲ್ಲಿ ಕುಂಕುಮ ಅಳಿಸಬೇಕೋ ಬೇಡವೋ ತಿಳಿಯದೆ ಕೂತಿದ್ದರು. ನೌಕಾಪಡೆ ಹಡಗು ಡಿಕ್ಕಿ ಹೊಡೆಯಿತೇ ಎಂದು ಮೀನುಗಾರರು ಅವತ್ತೇ ಬಹಿರಂಗವಾಗಿ ಅನುಮಾನ ಎತ್ತಿದ್ದರು. ಆ ಪಂಚಾಯ್ತಿ ಇಲ್ಲಿ ಮಾಡುವುದಿಲ್ಲ. ನನ್ನ ಪ್ರಶ್ನೆ ಸಣ್ಣದು. ಮಾಲ್ವಣ ಇರುವುದು ಕಾರವಾರದಿಂದ ಒಂದೂವರೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ. ಆ ರಾತ್ರಿ ಆ ಬೋಟು ಎಲ್ಲಿದೆ ಎಂದು ದಡದಲ್ಲಿರುವವರಿಗೆ ತೋರಿಸುವ ಒಂದು ಡಬ್ಬಿ ಅದರಲ್ಲಿ ಕೆಲಸ ಮಾಡುತ್ತಿದ್ದಿದ್ದರೆ?

ಆ ಡಬ್ಬಿ ಈಗ ಬಂದಿದೆ. ಟ್ರಾನ್ಸ್‌ಪಾಂಡರ್ ಅಂತಾರೆ. ಇಸ್ರೋದವರ ತಂತ್ರ, ಉಪಗ್ರಹದ ಮೂಲಕ ನಡೆಯುತ್ತದೆ, ಮೊಬೈಲ್ ಸಿಗ್ನಲ್ ಬೇಡ. ದೇಶದ ಒಂದು ಲಕ್ಷ ಬೋಟುಗಳಿಗೆ ಹಾಕುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ಕೊಟ್ಟರು. ಒಳ್ಳೆಯದೇ. ಆದರೆ ಡಬ್ಬಿ ಹಾಕಿದರೆ ಆಗಲಿಲ್ಲ, ಅದರ ಗುಂಡಿ ಯಾವಾಗ ಒತ್ತಬೇಕು, ಒತ್ತಿದರೆ ಏನಾಗುತ್ತದೆ ಅಂತ ಕನ್ನಡದಲ್ಲಿ, ಕೊಂಕಣಿಯಲ್ಲಿ ಕೂತು ಹೇಳಿಕೊಡಬೇಕು.

ಬೈತಖೋಲಿನಲ್ಲಿ ಕೇಳಿದ್ದು

ಬೈತಖೋಲ್ ಬಂದರಿಗೆ ಹೋಗಿ ಬಲೆ ಸರಿಮಾಡುತ್ತಿದ್ದ ಒಬ್ಬ ಹಿರಿಯ ತಾಂಡೇಲರ ಹತ್ತಿರ ಕೂತೆ. 'ಮಾಮಾ, ಒಂಬತ್ತು ದೇಶದವರು ಬಂದು ನಮ್ಮ ಹಡಗಿನಲ್ಲಿ ಕಲಿತು ಹೋದರಂತೆ' ಅಂದೆ.

'ಕಲೀಲಿ ತಮಾ, ಸಮುದ್ರದಲ್ಲಿ ಯಾರು ಕಲಿತರೂ ಒಳ್ಳೇದೇ' ಅಂದರು. ಸೂಜಿ ಎಳೆದು ಗಂಟು ಹಾಕಿ ಮತ್ತೆ ಹೇಳಿದರು: 'ನಮ್ಮನ್ನ ಮಾತ್ರ ಹತ್ತಿರ ಬರಬೇಡ ಅಂತ್ಲೇ ಹೇಳೂದು. ಒಂದು ದಿನ ಹತ್ತಿರ ಬಾ ಅಂತ ಕರೆದು ಹೇಳಿಕೊಟ್ಟರೆ ಏನಾಗ್ತಿತ್ತು?'

ಈ ಮಾತಿನ ಹಿಂದೆ ನಲವತ್ತು ವರ್ಷದ ಲೆಕ್ಕವಿದೆ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಅದಕ್ಕಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡ ಬಿಟ್ಟು ಎದ್ದವು. 2005ರ ಮೇ 31ರಂದು ಕದಂಬ ನೆಲೆ ಸೇವೆಗೆ ಸೇರಿತು. ಸುನಯನಾ ಹೊರಟ ದಿನವೇ ಅಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಹೊಸ ಕಟ್ಟೋಣಗಳ ಉದ್ಘಾಟನೆಯೂ ಆಯಿತು. ದೇಶಕ್ಕೆ ಇದು ಬೇಕು, ಬೇಡ ಎನ್ನುವವನು ನಾನಲ್ಲ. ಆದರೆ ಜಾಗ ಬಿಟ್ಟುಕೊಟ್ಟವನಿಗೆ ಬೇಲಿಯ ಹೊರಗಿನ ನಂಟು ಮಾತ್ರ ಸಾಕೇ?

'ಸಾಗರ ಕವಚ' ನಡೆಯುತ್ತದಲ್ಲ ಎನ್ನಬಹುದು. ನಡೆಯುತ್ತದೆ. ನೌಕಾಪಡೆ, ಕೋಸ್ಟ್ ಗಾರ್ಡ್, ಕರಾವಳಿ ಕಾವಲು ಪೊಲೀಸರು ಸೇರಿ ಮಾಡುವ ಕವಾಯತು. ಒಂದು ತಂಡ ವೇಷ ಮರೆಸಿ ಬೋಟಿನಲ್ಲಿ ಬರುತ್ತದೆ, ಇನ್ನೊಂದು ತಂಡ ಹಿಡಿಯುತ್ತದೆ. ಅದು ಕಳ್ಳನನ್ನು ಹಿಡಿಯುವ ಅಭ್ಯಾಸ. ಮುಳುಗುವವನನ್ನು ಎತ್ತುವ ಅಭ್ಯಾಸಕ್ಕೂ ಒಂದು ದಿನ ಬೇಡವೇ?

ಆಗಸ್ಟಿನಲ್ಲಿ ಮೀನುಗಾರಿಕೆ ಶುರುವಾಗುವ ಮೊದಲು, ಬೋಟುಗಳು ದಡದಲ್ಲಿ ನಿಂತಿರುವಾಗ, ಬಂದರಿಗೆ ಹತ್ತು ತಾಂಡೇಲರಂತೆ ಕರೆಯಿರಿ. ಒಂದು ದಿನ ಹಡಗು ಹತ್ತಿಸಿ. ವೈರ್‌ಲೆಸ್ಸಿನ 16ನೇ ಚಾನಲ್ಲಿನಲ್ಲಿ ಅಪಾಯದ ಕರೆ ಹೇಗೆ ಕೊಡಬೇಕು, ರಾತ್ರಿ ದೊಡ್ಡ ಹಡಗಿನ ಮೇಲಿಂದ ಚಿಕ್ಕ ಬೋಟಿನ ದೀಪ ಹೇಗೆ ಕಾಣುತ್ತದೆ ಅಥವಾ ಕಾಣುವುದಿಲ್ಲ, ಇದನ್ನು ಕಣ್ಣಾರೆ ತೋರಿಸಿ. ತಿರುಗಿ ಅವರ ಹತ್ತಿರ ನೀವೂ ಕಲಿಯಿರಿ. ಈ ಕಡಲಿನ ಯಾವ ಬಂಡೆ, ಯಾವ ಗಾಳಿ ಎಂಬುದು ಅವರಿಗೆ ಗೊತ್ತಿದ್ದಷ್ಟು ಯಾವ ನಕ್ಷೆಗೂ ಗೊತ್ತಿಲ್ಲ.

ಅಲ್ಲಿಯವರೆಗೆ ಓದುಗ ಮೀನುಗಾರರು ಎರಡು ನಂಬರು ಬೋಟಿನ ಕ್ಯಾಬಿನ್ನಿನಲ್ಲಿ ದೊಡ್ಡದಾಗಿ ಬರೆದಿಡಿ. ಕಡಲಿನಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್ 1554. ಸಂಶಯದ ಬೋಟು ಕಂಡರೆ ಕರಾವಳಿ ಕಾವಲು ಪೊಲೀಸ್ 1093. ದಡ ದೂರವಾಗಿ ಫೋನು ಹತ್ತದಿದ್ದರೆ 16ನೇ ಚಾನಲ್.

ಮೊಜಾಂಬಿಕಿನ ನಾವಿಕ ಕಾರವಾರದಿಂದ ಪಾಠ ಕಲಿತು ಹೋದ. ಸಂತೋಷ. ಬೈತಖೋಲಿನ ತಾಂಡೇಲ ಅದೇ ಪಾಠಕ್ಕೆ ಇನ್ನೂ ದಡದಲ್ಲಿ ಕಾದು ಕೂತಿದ್ದಾನೆ.