ಎದೆಗೆ ಕಟ್ಟಿದ ಮಲ್ಲಿಗೆ

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಗಳಲ್ಲಿ ಬಾಣಂತಿ ಇರುವ ಮನೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಬೀದಿಗೇ ಗೊತ್ತಾಗುತ್ತದೆ. ಹಂಡೆ ಒಲೆಯ ಹೊಗೆ, ಹರಳೆಣ್ಣೆ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಓಂಕಾಳು, ತೇದ ಬಜೆ, ತಲೆಗೂದಲು ಆರಿಸಲು ಕೆಂಡದ ಮೇಲೆ ಉದುರಿಸಿದ ಸಾಂಬ್ರಾಣಿ. ಹುಲ್ಲಹಳ್ಳಿಯಿಂದ ಮೂಗೂರಿನವರೆಗೆ ಈ ವಾಸನೆಗಳು ಹೆಚ್ಚು ಬದಲಾಗುವುದಿಲ್ಲ. ಪರಿಮಳದಿಂದ ಹೆಂಗಸಿನ ಆರೈಕೆ ಮಾಡುವುದು ನಮಗೆ ಹೊಸದಲ್ಲ. ಅದರಿಂದ ನಿಜಕ್ಕೂ ಗುಣವಿದೆಯೇ, ಇದ್ದರೆ ಎಷ್ಟು, ತೊಂದರೆ ಏನಾದರೂ ಇದೆಯೇ ಎಂದು ಅಳೆದು ನೋಡುವುದು ಮಾತ್ರ ಹೊಸದು.

ಈ ಭಾಗದ ಹೆರಿಗೆ ವಾರ್ಡುಗಳಲ್ಲಿ ಬಹುಕಾಲ ದುಡಿದು, ಈಗ ನರ್ಸಿಂಗ್ ಓದುವ ಹುಡುಗಿಯರಿಗೆ ಪಾಠ ಹೇಳುತ್ತಿದ್ದೇನೆ. ಸಂಶೋಧನಾ ಪ್ರಬಂಧಕ್ಕೆ ವಿಷಯ ಆರಿಸುವ ಹೊತ್ತಿಗೆ ಒಬ್ಬಳಾದರೂ ‘ಅರೋಮಾಥೆರಪಿ’ ಎಂದು ಬರೆದುಕೊಂಡು ಬರುತ್ತಾಳೆ. ಹೆರಿಗೆ ನೋವಿಗೆ ಲ್ಯಾವೆಂಡರ್ ಎಣ್ಣೆ, ಮುಟ್ಟಿನ ಹೊಟ್ಟೆನೋವಿಗೆ ಲ್ಯಾವೆಂಡರ್ ಎಣ್ಣೆ, ಸಿಸೇರಿಯನ್ ಆದವರ ನಿದ್ದೆಗೂ ಅದೇ ಎಣ್ಣೆ. ನಾನು ಬೇಡ ಎನ್ನುವುದಿಲ್ಲ. ಮೊದಲು ಮಲ್ಲಿಗೆಯ ವಿಷಯ ಓದಿಕೊಂಡು ಬಾ ಎನ್ನುತ್ತೇನೆ.

ಹೊಟ್ಟೆಯಲ್ಲೇ ಮಗು ತೀರಿಹೋದ ತಾಯಿಗೂ ಹಾಲು ಬರುತ್ತದೆ. ಮಾಸು ಹೊರಬಿದ್ದ ಕೂಡಲೇ ಪ್ರೊಜೆಸ್ಟರಾನ್ ಹಾರ್ಮೋನು ಇಳಿಯುತ್ತದೆ, ಪ್ರೊಲ್ಯಾಕ್ಟಿನ್ ತನ್ನ ಕೆಲಸ ಶುರು ಮಾಡುತ್ತದೆ. ಕುಡಿಯುವ ಮಗು ಇದೆಯೋ ಇಲ್ಲವೋ ಎಂಬುದು ಆ ಹಾರ್ಮೋನುಗಳಿಗೆ ತಿಳಿಯದು. ಮೂರನೆಯ ದಿನದ ಹೊತ್ತಿಗೆ ಎದೆ ಬಿಗಿಯುತ್ತದೆ, ಕೆಲವರಿಗೆ ಜ್ವರವೂ ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥ ಒಬ್ಬ ಹುಡುಗಿ, “ಸಿಸ್ಟರವ್ವ, ಎದೆ ಕಲ್ಲಾಗ್ಬುಟ್ಟದೆ, ಮುಟ್ಟಾಕಾಯ್ತಿಲ್ಲ” ಎಂದು ಅತ್ತಳು. ಅವಳ ತಾಯಿ ನಂಜುಂಡೇಶ್ವರನ ಗುಡಿಯ ಬೀದಿಗೆ ಹೋಗಿ ಮೊಳಗಟ್ಟಲೆ ಮಲ್ಲಿಗೆ ತಂದರು. ದಂಡೆಯನ್ನು ಮಗಳ ಎದೆಯ ಮೇಲೆ ಸುತ್ತಿ, ಹಳೆಯ ಸೀರೆಯ ಬಟ್ಟೆಯಿಂದ ಬಿಗಿದರು. “ಹೂ ಕಟ್ಟುದ್ರೆ ಹಾಲು ಇಂಗ್ತದೆ ಕಣವ್ವ. ನಮ್ಮವ್ವನೂ ಹಂಗೇ ಮಾಡ್ತಿದ್ದುದು” ಎಂದರು. ಎರಡು ಮೂರು ದಿನಕ್ಕೆ ಬಿಗಿ ಇಳಿಯಿತು.

ಇಳಿಸಿದ್ದು ಹೂವೇ? ನನ್ನ ಮಟ್ಟಿಗೆ ಸಂಶೋಧನೆ ಶುರುವಾದದ್ದು ಈ ಪ್ರಶ್ನೆಯಿಂದ. ಮಗು ಕುಡಿಯದಿದ್ದರೆ, ಹಿಂಡದಿದ್ದರೆ, ಹಾಲು ತಾನಾಗಿಯೇ ಇಂಗುತ್ತದೆ. ಬಟ್ಟೆಯ ಬಿಗಿತಕ್ಕೂ ಒಂದು ಪಾಲು ಇರಬಹುದು. ತಾಯಿ ಪಕ್ಕದಲ್ಲಿ ಕೂತು ತಲೆ ಸವರಿದ್ದಕ್ಕೂ ಇರಬಹುದು.

ಈ ಪ್ರಶ್ನೆಯನ್ನು ನಿಜವಾದ ಪರೀಕ್ಷೆಗೆ ಒಡ್ಡಿದವರು ಇದ್ದಾರೆ. ನೆರೆಯ ತಮಿಳುನಾಡಿನ ವೆಲ್ಲೂರಿನ ವೈದ್ಯರು ದುಂಡುಮಲ್ಲಿಗೆಯನ್ನು ಬಾಣಂತಿಯರ ಎದೆಗೆ ಕಟ್ಟಿ, ಅದನ್ನು ಬ್ರೋಮೋಕ್ರಿಪ್ಟೀನ್ ಎಂಬ ಮಾತ್ರೆಯ ಜೊತೆ ಹೋಲಿಸಿ ನೋಡಿದರು. ವರದಿ 1988ರಲ್ಲಿ ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ ಪ್ರಸೂತಿ ಪತ್ರಿಕೆಯೊಂದರಲ್ಲಿ ಬಂತು. ರಕ್ತದ ಪ್ರೊಲ್ಯಾಕ್ಟಿನ್ ಎರಡೂ ಗುಂಪಿನಲ್ಲಿ ಇಳಿದಿತ್ತು, ಮಾತ್ರೆ ತೆಗೆದುಕೊಂಡವರಲ್ಲಿ ಹೆಚ್ಚು ಇಳಿದಿತ್ತು. ಎದೆಯ ಬಿಗಿತ, ಹಾಲಿನ ಪ್ರಮಾಣ, ನೋವಿನ ಮಾತ್ರೆ ಎಷ್ಟು ಬೇಕಾಯಿತು ಎಂಬ ಲೆಕ್ಕದಲ್ಲಿ ಮಾತ್ರ ಎರಡೂ ಸರಿಸಮ. ಬ್ರೋಮೋಕ್ರಿಪ್ಟೀನ್ ತೆಗೆದುಕೊಂಡ ಕೆಲವರಿಗೆ ಮಾತ್ರೆ ನಿಂತ ಮೇಲೆ ಹಾಲು ಮತ್ತೆ ಬಂತು. ಮಾತ್ರೆ ಸಿಗದ, ಕೊಳ್ಳಲಾಗದ ಕಡೆ ಹೂವನ್ನು ಬಳಸಬಹುದು ಎಂದು ಅವರು ಬರೆದರು. ಮುಂದೆ ಬ್ರೋಮೋಕ್ರಿಪ್ಟೀನ್ ತೆಗೆದುಕೊಂಡ ಬಾಣಂತಿಯರಲ್ಲಿ ಪಾರ್ಶ್ವವಾಯು, ಹೃದಯಾಘಾತ ಆದ ವರದಿಗಳು ಬಂದು, 1990ರ ದಶಕದಲ್ಲಿ ಅಮೆರಿಕದಲ್ಲಿ ಹಾಲು ನಿಲ್ಲಿಸಲು ಅದನ್ನು ಕೊಡುವುದನ್ನು ಕೈಬಿಟ್ಟರು. ಈಗ ಬಳಕೆಯಲ್ಲಿರುವ ಕ್ಯಾಬರ್ಗೋಲಿನ್ ಮಾತ್ರೆಯನ್ನೂ ಬಿ.ಪಿ. ಏರಿದ ಬಾಣಂತಿಗೆ ಕೊಡುವ ಹಾಗಿಲ್ಲ.

ಹಾಗಾದರೆ ಅಜ್ಜಿಯಂದಿರು ಗೆದ್ದರು ಎಂದು ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ಇನ್ನೂ ಗೆದ್ದಿಲ್ಲ. ವೆಲ್ಲೂರಿನವರು ಹೂವನ್ನು ಮಾತ್ರೆಯ ಜೊತೆ ಹೋಲಿಸಿದರು, ಬರೀ ಬಟ್ಟೆ ಕಟ್ಟಿದವರ ಜೊತೆ ಅಲ್ಲ. ಹಾಲು ತಾನಾಗಿಯೇ ಇಂಗುವಂಥದ್ದಾದ್ದರಿಂದ, ಹೂವೂ ಇಲ್ಲದ ಮಾತ್ರೆಯೂ ಇಲ್ಲದ ಮೂರನೆಯ ಗುಂಪಿಲ್ಲದೆ ಹೂವಿನ ಪಾಲು ಎಷ್ಟೆಂದು ಹೇಳಲಾಗದು. ಅಲ್ಲದೆ ನಮ್ಮಲ್ಲಿ ಮೊಳ ಹಾಕಿ ಮಾರುವುದೆಲ್ಲ ಒಂದೇ ಮಲ್ಲಿಗೆಯಲ್ಲ. ಮೈಸೂರು ಮಲ್ಲಿಗೆ, ಕಾಕಡ, ಜಾಜಿ ಎಲ್ಲವನ್ನೂ ಹೂವು ಎಂದೇ ಕೊಳ್ಳುತ್ತೇವೆ. ಯಾವುದು ಕೆಲಸ ಮಾಡಿತು? ಕೆಲಸ ಮಾಡಿದ್ದು ಪರಿಮಳವೋ, ಚರ್ಮಕ್ಕೆ ತಾಗಿದ ರಸವೋ?

ಔಷಧವನ್ನು ಪರೀಕ್ಷಿಸುವಾಗ ರೋಗಿಗೂ ನೋಡಿಕೊಳ್ಳುವವರಿಗೂ ಯಾವುದು ಅಸಲಿ ಮಾತ್ರೆ, ಯಾವುದು ಹಿಟ್ಟಿನ ಮಾತ್ರೆ ಎಂದು ತಿಳಿಯದಂತೆ ಮಾಡುತ್ತಾರೆ. ಮಾತ್ರೆಯ ಬಣ್ಣ ಒಂದೇ ಇಟ್ಟರಾಯಿತು. ಪರಿಮಳವನ್ನು ಬಚ್ಚಿಡುವುದು ಹೇಗೆ? ಮಲ್ಲಿಗೆ ಯಾವುದೆಂದು ತಿಳಿಯದ ಹೆಂಗಸು ನಮ್ಮ ಎರಡು ತಾಲ್ಲೂಕುಗಳಲ್ಲಿ ಸಿಗಲಾರಳು. 1994ರಲ್ಲಿ ವರದಿಯಾದ ಇಂಗ್ಲೆಂಡಿನ ಒಂದು ಪರೀಕ್ಷೆ ಇದಕ್ಕೆ ಜಾಣತನದ ದಾರಿ ಹುಡುಕಿತು. ಹೆರಿಗೆಯಾದ 635 ಹೆಂಗಸರನ್ನು ಮೂರು ಗುಂಪು ಮಾಡಿ, ಸ್ನಾನದ ನೀರಿಗೆ ಒಂದು ಗುಂಪಿಗೆ ಅಸಲಿ ಲ್ಯಾವೆಂಡರ್ ಎಣ್ಣೆ, ಇನ್ನೊಂದಕ್ಕೆ ಕೃತಕ ಲ್ಯಾವೆಂಡರ್, ಮತ್ತೊಂದಕ್ಕೆ ಔಷಧಗುಣವಿಲ್ಲದ ಸುವಾಸನೆಯ ವಸ್ತು ಕೊಟ್ಟರು. ಹೊಲಿಗೆಯ ಜಾಗದ ನೋವು ಎಷ್ಟಿದೆ ಎಂದು ಹತ್ತು ದಿನ ಬರೆಸಿಕೊಂಡರು. ಮೂರರಿಂದ ಐದನೆಯ ದಿನದ ನಡುವೆ ಅಸಲಿ ಎಣ್ಣೆಯ ಗುಂಪಿನಲ್ಲಿ ನೋವು ತುಸು ಕಡಿಮೆ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸವಿರಲಿಲ್ಲ. ಅವರು ಹಾಗೆಂದೇ ಬರೆದರು. ಆ ಪ್ರಾಮಾಣಿಕತೆ ನನಗೆ ತುಂಬ ಇಷ್ಟ.

ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ಸೂಲಗಿತ್ತಿ ನರ್ಸುಗಳೇ 1990ರಿಂದ 1998ರವರೆಗೆ 8,058 ತಾಯಂದಿರಿಗೆ ಹೆರಿಗೆಯ ಹೊತ್ತಿನಲ್ಲಿ ಸುಗಂಧದ ಎಣ್ಣೆಗಳನ್ನು ಬಳಸಿ ಲೆಕ್ಕ ಇಟ್ಟರು. ಅರ್ಧಕ್ಕಿಂತ ಹೆಚ್ಚು ಮಂದಿ ಒಳ್ಳೆಯದಾಯಿತು ಎಂದರು, ತೊಂದರೆಯಾದದ್ದು ನೂರಕ್ಕೆ ಒಬ್ಬರಿಗೆ. ಸಂಖ್ಯೆ ದೊಡ್ಡದು, ಆದರೆ ಸಮಸಮ ಹಂಚಿದ ಹೋಲಿಕೆಯ ಗುಂಪು ಇರಲಿಲ್ಲ. ಆಮೇಲೆ ಇಟಲಿಯ ಮೊಂಜಾದಲ್ಲಿ 513 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪಿಗೆ ಹಂಚಿ ನೋಡಿದರು. ಇದನ್ನೂ ಇನ್ನೊಂದು ಸಣ್ಣ ಪರೀಕ್ಷೆಯನ್ನೂ ಸೇರಿಸಿ 2011ರಲ್ಲಿ ಕಾಕ್ರೇನ್ ಸಂಸ್ಥೆ ನಡೆಸಿದ ಪರಿಶೀಲನೆ, ಸುಗಂಧದಿಂದ ಹೆರಿಗೆ ನೋವು ಕಡಿಮೆಯಾಗುತ್ತದೆ ಎನ್ನಲು ಆಧಾರ ಸಾಲದು ಎಂದಿತು. ಸಾಲದು ಎಂದರೆ ಸುಳ್ಳು ಎಂದಲ್ಲ, ಇನ್ನೂ ಗೊತ್ತಾಗಿಲ್ಲ ಎಂದು.

ಇಂಥ ಕೆಲಸ ದೊಡ್ಡ ಊರಿನ ದೊಡ್ಡ ಡಾಕ್ಟರುಗಳಿಗೆ ಸೇರಿದ್ದು ಎಂದು ನಮ್ಮ ಹುಡುಗಿಯರು ಹಿಂಜರಿಯುತ್ತಾರೆ. ಆಗ ಅವರಿಗೆ ನಮ್ಮದೇ ರಾಜ್ಯದ ಎರಡು ಸಂಗತಿ ಹೇಳುತ್ತೇನೆ.

ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹೆರಿಗೆ ಕೋಣೆಯಲ್ಲಿ ರಾತ್ರಿಯೆಲ್ಲ ನಿಂತವರು ಬೆಳಗಾಗುವುದರೊಳಗೆ ಅಳೆದು ಬರೆದ ಅಂಕಿಗಳು. ಅರ್ಧ ಶತಮಾನದ ನಂತರ ಸಂಶೋಧಕರು ಆ ಪುಸ್ತಕ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ ಇತ್ತು. ಮೂರು ಕಿಲೋ ದಾಟಿದವರಲ್ಲಿ ನೂರಕ್ಕೆ 3. ಈ ವರದಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬಸುರಿಯ ಊಟಕ್ಕೂ ಮಗುವಿನ ಐವತ್ತನೆಯ ವಯಸ್ಸಿನ ಎದೆನೋವಿಗೂ ಸಂಬಂಧವಿರಬಹುದೆಂಬ ವಾದಕ್ಕೆ ಇಂಡಿಯಾದಿಂದ ಸಿಕ್ಕ ಮುಖ್ಯ ಆಧಾರಗಳಲ್ಲಿ ಅದೊಂದು. ತೂಕ ಬರೆದವರಿಗೆ ಇದು ಸಂಶೋಧನೆ ಎಂದು ಗೊತ್ತಿರಲಿಲ್ಲ. ಸರಿಯಾಗಿ ಬರೆದಿದ್ದರು, ಅಷ್ಟೇ.

ಎರಡನೆಯದು ಬೆಳಗಾವಿಯದು. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯಾದ 1,620 ಹೆಂಗಸರಿಗೆ, ಮಗು ಹುಟ್ಟಿದ ತಕ್ಷಣ ಮಿಸೋಪ್ರೋಸ್ಟಾಲ್ ಮಾತ್ರೆಯನ್ನೋ ಅದರಂತೆಯೇ ಕಾಣುವ ಹುಸಿ ಮಾತ್ರೆಯನ್ನೋ ಕೊಟ್ಟವರು ಎಎನ್‌ಎಂಗಳು, ನಮ್ಮ ಹಳ್ಳಿಯ ನರ್ಸಮ್ಮಂದಿರು. ಹೆಂಗಸಿನ ಕೆಳಗೆ ಅಳತೆಯ ಚೀಲವಿದ್ದ ಹಾಳೆ ಹಾಸಿ ಹರಿದ ರಕ್ತವನ್ನು ಅಳೆದರು. ಹೆರಿಗೆಯ ನಂತರದ ಹೆಚ್ಚು ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಇದೂ ‘ಲ್ಯಾನ್ಸೆಟ್’ನಲ್ಲೇ ಬಂತು. ಹಳ್ಳಿಯ ಹೆರಿಗೆಗೆ ಇಂಜೆಕ್ಷನ್ನು, ಐಸ್ ಪೆಟ್ಟಿಗೆ ಬೇಡದ ಒಂದು ಮಾತ್ರೆ ಜೀವ ಉಳಿಸಬಲ್ಲದೆಂದು ಜಗತ್ತು ನಂಬಿದ್ದರಲ್ಲಿ ಈ ನರ್ಸುಗಳ ಕೈ ದೊಡ್ಡದು.

ಅಳತೆ ಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ಪರಿಮಳ ಎಂದ ಮಾತ್ರಕ್ಕೆ ನಿರಪಾಯವಲ್ಲ. ಗಂಧದ ಚೆಕ್ಕೆಯಿಂದ ಗಂಧದೆಣ್ಣೆ ತೆಗೆಯುವುದನ್ನು ಮೈಸೂರು ಮೊದಲ ಮಹಾಯುದ್ಧದ ಕಾಲದಿಂದ ಬಲ್ಲದು. ರಾಶಿ ಚೆಕ್ಕೆಯ ಸತ್ವ ಒಂದು ಬಾಟಲಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಯಾವ ಸುಗಂಧದ ಎಣ್ಣೆಯೂ ಹೀಗೆ ಗಟ್ಟಿಯಾದ ಸಾರ. ಕೊಬ್ಬರಿ ಎಣ್ಣೆಯಲ್ಲಿ ತೆಳುಮಾಡದೆ ಹಚ್ಚಿದರೆ ಚರ್ಮ ಸುಡುತ್ತದೆ, ಕುಡಿದರೆ ವಿಷ. ಕರ್ಪೂರ ಹೊಟ್ಟೆಗೆ ಹೋದ ಕೂಸಿಗೆ ಫಿಟ್ಸ್ ಬರುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ, ಪುದೀನ ಸತ್ವ ಇವನ್ನು ಹಸುಗೂಸಿನ ಮೂಗಿನ ಹತ್ತಿರ ತರಬಾರದು. ಸಾಂಬ್ರಾಣಿಯ ಬಗ್ಗೆ ಹಿರಿಯರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ಆದರೂ ಹೇಳುತ್ತೇನೆ: ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕಿದರೆ ಎಳೆಯ ಶ್ವಾಸಕೋಶಕ್ಕೆ ಅದು ಹೊಗೆಯೇ, ಎಷ್ಟೇ ಘಮ್ಮೆಂದರೂ.

ಇನ್ನೊಂದು ಕಡೆ, ಯಾರೂ ಪರಿಮಳ ಎಂದು ಎಣಿಸದ ಒಂದು ವಾಸನೆಗೆ ಗುಣ ಸಿಕ್ಕಿದೆ. ಇಂಜೆಕ್ಷನ್ನಿಗೆ ಮುಂಚೆ ತೋಳಿಗೆ ಒರೆಸುವ ಸ್ಪಿರಿಟ್ ಪಟ್ಟಿ. ಅಮೆರಿಕದ ತುರ್ತು ಚಿಕಿತ್ಸಾ ಘಟಕವೊಂದರಲ್ಲಿ ವಾಕರಿಕೆಯಿಂದ ಬಳಲುತ್ತಿದ್ದ 80 ಮಂದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಪಟ್ಟಿಯನ್ನೋ ಉಪ್ಪುನೀರಿನ ಪಟ್ಟಿಯನ್ನೋ ಮೂಸಲು ಕೊಟ್ಟರು. ಸ್ಪಿರಿಟ್ ಮೂಸಿದವರಿಗೆ ಹತ್ತೇ ನಿಮಿಷದಲ್ಲಿ ವಾಕರಿಕೆ ಚೆನ್ನಾಗಿ ಇಳಿದಿತ್ತು. ಅದು 2016ರ ವರದಿ. ಸಿಸೇರಿಯನ್ ಆದ ತಾಯಂದಿರ ವಾಕರಿಕೆಗೆ ಇದು ಆದೀತೇ ಎಂದು ನೋಡುವುದಕ್ಕೆ ಬೇಕಾದ ಸಾಮಾನು ಪ್ರತಿ ತಾಲ್ಲೂಕು ಆಸ್ಪತ್ರೆಯ ಟ್ರೇನಲ್ಲಿದೆ.

ನನಗೆ ಆಸೆ ಇರುವುದು ಮಲ್ಲಿಗೆಯ ಪರೀಕ್ಷೆ ನಮ್ಮಲ್ಲಿ ಮತ್ತೊಮ್ಮೆ ಸರಿಯಾಗಿ ನಡೆಯಲಿ ಎಂದು. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ದೇಶದ ಕ್ಲಿನಿಕಲ್ ಪರೀಕ್ಷೆಗಳ ನೋಂದಣಿಯಲ್ಲಿ ಮೊದಲೇ ಬರೆಸಿ, ಎಲ್ಲರಿಗೂ ಮಾಮೂಲು ಆರೈಕೆ ಕೊಟ್ಟು, ಒಂದು ಗುಂಪಿಗೆ ದುಂಡುಮಲ್ಲಿಗೆಯ ದಂಡೆ, ಇನ್ನೊಂದಕ್ಕೆ ಅದೇ ಬಿಗಿತದಲ್ಲಿ ಬರೀ ಬಟ್ಟೆ. ಹೂ ಬಿಚ್ಚಿ ಮೈ ತೊಳೆದ ಮೇಲೆ, ಯಾರು ಯಾವ ಗುಂಪೆಂದು ತಿಳಿಯದ ಇನ್ನೊಬ್ಬ ನರ್ಸ್ ಬಂದು ಎದೆ ನೋಡಿ ಬರೆಯಬೇಕು.

ಎಲ್ಲಕ್ಕಿಂತ ಕಷ್ಟದ್ದು ಒಪ್ಪಿಗೆ ಕೇಳುವುದು. ಮಗು ಕಳೆದುಕೊಂಡ ತಾಯಿಯ ಮುಂದೆ ಫಾರಂ ಹಿಡಿಯಬೇಕು. ಅದೇ ದಿನ ಕೇಳಕೂಡದು, ತೀರ ತಡವಾದರೆ ಎದೆ ಬಿಗಿದುಬಿಡುತ್ತದೆ. ನಮ್ಮ ಹಳ್ಳಿಯ ಮಾತಿನಲ್ಲಿ, ಅವಳ ತಾಯಿಯನ್ನೋ ಗಂಡನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಹೇಳಬೇಕು. ಬೇಡವೆಂದರೂ ಆರೈಕೆ ಒಂದಿಷ್ಟೂ ಕಡಿಮೆಯಾಗದು ಎಂದು ಎರಡು ಸಲ ಹೇಳಬೇಕು. ಹಾಲು ಇಂಗುವುದೇ ಬೇಡ ಎನ್ನುವ ತಾಯಂದಿರೂ ಇರುತ್ತಾರೆ, ಅವರನ್ನು ಅವರ ಪಾಡಿಗೆ ಬಿಡಬೇಕು. ಫಾರಂ ಓದಿ ಹೇಳುವವಳು ಆ ರಾತ್ರಿ ಅವಳ ಕೈ ಹಿಡಿದು ಹೆರಿಗೆ ಮಾಡಿಸಿದ ನರ್ಸ್ ಆಗಿರಕೂಡದು, ಬೇರೆ ವಾರ್ಡಿನವಳು ಬರಬೇಕು. ಕೈ ಹಿಡಿದವಳಿಗೆ ‘ಆಗಲ್ಲ’ ಎನ್ನಲು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಾಯಿ ಬರುವುದಿಲ್ಲ.