ಈ ದೂರದರ್ಶಕ ಮಾಡಿದವರು ಯಾರು?

ಅಂಗಡಿಯ ದೂರದರ್ಶಕದ ಮೇಲೆ ಕಂಪನಿಯ ಹೆಸರಿರುತ್ತದೆ. ಯಾರೋ ಮನೆಯಲ್ಲೇ ಮಾಡಿದ ಹಳೆಯ ದೂರದರ್ಶಕ ಸಿಕ್ಕರೆ ಅದರ ಒಡೆಯರನ್ನು ಪತ್ತೆ ಹಚ್ಚುವುದು ಹೇಗೆ, ಮಕ್ಕಳೇ?

ಅಮೆರಿಕದಲ್ಲಿ ಇಂಥವು ಬಹಳ. ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1920ರಲ್ಲಿ ರಸೆಲ್ ಪೋರ್ಟರ್ ಎಂಬವರು ಊರಿನ ಕಾರ್ಖಾನೆ ಕೆಲಸಗಾರರಿಗೆ ದೂರದರ್ಶಕದ ಕನ್ನಡಿ ಮಾಡಲು ಕಲಿಸಿದರು. ಎರಡು ದಪ್ಪ ಗಾಜಿನ ಬಿಲ್ಲೆಗಳ ನಡುವೆ ಗಡಸು ಪುಡಿ, ನೀರು ಹಾಕಿ ಗಂಟೆಗಟ್ಟಲೆ ಉಜ್ಜಬೇಕು. ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ತಗ್ಗಾದದ್ದೇ ಕನ್ನಡಿ! 1925ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಇವರ ಕಥೆ ಹೇಳಿದ ಮೇಲೆ ಹವ್ಯಾಸ ದೇಶವೆಲ್ಲ ಹಬ್ಬಿತು.

ಪತ್ತೆಗೆ ಮೊದಲ ಸುಳಿವು ಕನ್ನಡಿಯ ಬೆನ್ನು. ಕೆಲವರು ಅಲ್ಲಿ ಹೆಸರು, ತಾರೀಖು ಕೆತ್ತಿರುತ್ತಾರೆ. ಮುಂಭಾಗವನ್ನು ಮಾತ್ರ ಮುಟ್ಟಬಾರದು, ಒರೆಸಬಾರದು. ಅದರ ಲೇಪ ಬಲು ತೆಳು. ಬೆಳ್ಳಿಯ ಲೇಪವಿದ್ದರೆ ಕನ್ನಡಿ ತುಂಬ ಹಳೆಯದಿರಬಹುದು. ಅಲ್ಯೂಮಿನಿಯಂ ಲೇಪ ಬಂದದ್ದು 1930ರ ದಶಕದಲ್ಲಿ. ಆದರೆ ಹಳೆಯ ಕನ್ನಡಿಗೂ ಹೊಸ ಲೇಪ ಹಾಕಿಸುವುದುಂಟು, ಎಚ್ಚರ! ಆಮೇಲೆ ನಿಲುವು ನೋಡಿ. ನಲ್ಲಿಯ ಪೈಪಿನ ತುಂಡುಗಳೇ? ಕಾರಿನ ಭಾಗಗಳೇ? ಮಾಡಿದವರ ಕಸುಬು ಅಲ್ಲೇ ಇಣುಕೀತು. ಕೊನೆಗೆ ಹಳೆಯ ಸಂಘಗಳ ಸದಸ್ಯರ ಪಟ್ಟಿ, ಫೋಟೋಗಳು.

ನಾನು ಬ್ಯಾಂಕಿನಲ್ಲಿದ್ದವನು. ಸಹಿಯಿಲ್ಲದ ಚೆಕ್ಕಿಗೆ ಹಣ ಸಿಗುವುದಿಲ್ಲ. ಸಹಿಯಿಲ್ಲದ ದೂರದರ್ಶಕವೋ ಚಂದ್ರನನ್ನು ತೋರಿಸುತ್ತದೆ, ತನ್ನನ್ನು ಮಾಡಿದವರನ್ನು ತೋರಿಸುವುದಿಲ್ಲ. ಬಲ್ಲ ಹಿರಿಯರು ಹೋದರೆ ಆ ಹೆಸರೂ ಹೋಯಿತು.

ಅಜ್ಜ ಮಾಡಿದ ಮಣೆ, ಅಜ್ಜಿ ಹೊಲಿದ ಕೌದಿ ನಿಮ್ಮ ಮನೆಯಲ್ಲಿದೆಯೇ? ಈಗಲೇ ಕೇಳಿ, ಹೆಸರು, ಇಸವಿ ಬರೆದಿಡಿ.